ಮೊದಲ ಕಟ್ ಮಾಲಕರದು

ಫಿಯಟ್ಟಿನ ಬಾಗಿಲ ಹಿಡಿಕೆ ಶಿವಶರಣನ ಎದೆಗೂಡಿನ ತನಕ ಏರಿಬಿಟ್ಟಿತ್ತು. ಇಪ್ಪತ್ತೆರಡು ವರ್ಷ ಸೊಂಟದ ಪಕ್ಕದಲ್ಲಿ, ಕೈ ಇಳಿಬಿಟ್ಟರೆ ತಾನೇ ಸಿಗುವಂತೆ, ಮನೆಯ ಹಳೆಯ ಆಳಿನ ಹಾಗೆ ಇರುತ್ತಿದ್ದ ಹಿಡಿಕೆ. ಈಗ ಅದಕ್ಕೆ ಕೈ ಎತ್ತಬೇಕು. ಕೈ ಎತ್ತಿದರೆ ಅಂಗಿಯ ಬಗಲಿನ ಬೆವರು ಕಾಣುತ್ತದೆ ಅನ್ನುವುದೇ ಅವನಿಗೆ ಮೊದಲು ಹೊಳೆಯಿತು. ಯಾದಗಿರಿ ಸ್ಟೇಷನ್ನಿನ ಹಿಂದಿನ ಗಯಾಸನ ಗ್ಯಾರೇಜಿನಲ್ಲಿ ಬೆಳಗಿನ ಒಂಬತ್ತಕ್ಕೇ ತಗಡು ಕಾದ ವಾಸನೆ ಹಬ್ಬಿತ್ತು. ಆ ವಾಸನೆಯ ನಡುವೆ, ಜೀಪಿನ ನಾಲ್ಕು ಟೈರುಗಳ ಮೇಲೆ, ಎಪ್ಪತ್ನಾಲ್ಕರ ಕೆನೆಬಣ್ಣದ ಫಿಯಟ್ಟು, ಸೀರೆಯನ್ನು ಮೊಣಕಾಲ ಮೇಲೆತ್ತಿ ಹಳ್ಳ ದಾಟಲು ನಿಂತ ದೊಡ್ಡ ಮನೆತನದ ಮುದುಕಿಯ ಹಾಗೆ ನಿಂತಿತ್ತು. ಟೈರು ತಿರುಗಲೆಂದು ಮುಂದಿನ ಮಡ್‌ಗಾರ್ಡುಗಳನ್ನು ಕತ್ತರಿಸಿ ಅಂಚಿಗೆ ಕೆಂಪು ಬಳಿದಿದ್ದರು. ಮೂತಿಗೆ ಕಬ್ಬಿಣದ ಪೈಪಿನ ಬೇಲಿ. ತಲೆಯ ಮೇಲೆ ನಾಲ್ಕು ದೀಪ. ಸೈಲೆನ್ಸರಿನ ಕೊಳವೆ ಹಿಂದಿನಿಂದ ಎದ್ದು ಕಿಟಕಿಯ ಪಕ್ಕ ಹಾದು ಚಾವಣಿಯ ಮೇಲೆ ಬಾಯಿ ತೆರೆದಿತ್ತು, ಗಾಡಿ ಹೊಳೆಯಲ್ಲಿ ಮುಳುಗಿದರೂ ಹೊಗೆ ಬಿಡಲೆಂದು. ಯಾವ ಹೊಳೆ? ಭೀಮೆಗೂ ಸೇತುವೆ ಇದೆ, ಕೃಷ್ಣೆಗೂ ಇದೆ. ಆದರೂ ಮೂರು ತಿಂಗಳ ಹಿಂದೆ ಶಿವಶರಣನಿಗೆ ಹೊಳೆ ಬಹಳ ಮುಖ್ಯವಾಗಿ ಕಂಡಿತ್ತು.

"ಹೆಂಗದ ಮಾಲಕ್ರ?" ಅಂದ ಗಯಾಸ. ಅವನು ಕೈ ಒರೆಸಿಕೊಳ್ಳುತ್ತಿದ್ದ ಬಟ್ಟೆ ಕೈಗಿಂತ ಹೊಲಸಾಗಿತ್ತು.

ಮಾಲಕ್ರ. ಆ ಒಂದು ಶಬ್ದಕ್ಕೆ ತಾನು ಬಿದ್ದೆನಲ್ಲ ಅಂತ ಶಿವಶರಣ ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದಾನೆ. ಗಯಾಸ ಗ್ಯಾರೇಜಿಗೆ ಬಂದವರನ್ನೆಲ್ಲ ಮಾಲಕ್ರ ಅಂತಲೇ ಕರೆಯುತ್ತಿದ್ದ. ಪಂಕ್ಚರಾದ ಸೈಕಲ್ಲು ತಳ್ಳಿಕೊಂಡು ಬಂದವನೂ ಅವನಿಗೆ ಮಾಲಕನೇ. ಅದು ಗೊತ್ತಾಗುವಷ್ಟರಲ್ಲಿ ಶಿವಶರಣ ಉಬ್ಬಿಯಾಗಿತ್ತು. ರಾಮಸಮುದ್ರದಿಂದ ಒಂದು ಟ್ರಂಕಿನ ಜೊತೆ ಶಹಾಪುರದ ಡಾಕ್ಟರ್ ಲಿಂಗಣ್ಣನವರ ಮನೆಗೆ ಮನೆಯಳಿಯನಾಗಿ ಬಂದಂದಿನಿಂದ ಅವನಿಗೆ ಊರಲ್ಲಿ ಒಂದೇ ಹೆಸರು: ಡಾಕ್ಟರ ಅಳಿಯ. ನಿಜವಾದ ಹೆಸರು ಗೊತ್ತಿದ್ದವರು ಮೂವರು: ಹೆಂಡತಿ, ಅತ್ತೆ, ಮತದಾರರ ಪಟ್ಟಿ. ಮುಸಲ್ಮಾನರ ಓಣಿಯವರು ಅದನ್ನೇ ಜವಾಯಿ ಸಾಬ್ ಅನ್ನುತ್ತಿದ್ದರು. ಸಾಬ್ ಅನ್ನುವುದೊಂದು ಅಲ್ಲಿ ಹೆಚ್ಚಿಗೆ ಸಿಗುತ್ತಿತ್ತು. ದವಾಖಾನೆಯ ಹೊರಗೆ ಬೆಂಚಿನ ಪಕ್ಕ ಮೇಜು ಹಾಕಿಕೊಂಡು ಇಪ್ಪತ್ತೊಂದು ವರ್ಷ ಅವನು ಚೀಟಿ ಬರೆದ. ಹೆಸರು, ವಯಸ್ಸು, ಊರು, ಏನು ತ್ರಾಸು. ಅಕ್ಷರವೆಂದರೆ ಪೋಣಿಸಿದ ಮುತ್ತು. ಚೀಟಿ ಒಳಗೆ ಹೋಗುತ್ತಿತ್ತು, ಒಳಗಿಂದ, ತಲೆ ಎತ್ತದ ಮನುಷ್ಯನ ಧ್ವನಿ ಬರುತ್ತಿತ್ತು: "ಮುಂದಿನವರನ್ನ ಕಳಸು." ಇಪ್ಪತ್ತೊಂದು ವರ್ಷದ ಮಾವ-ಅಳಿಯರ ಮಾತುಕತೆಯನ್ನೆಲ್ಲ ಹಿಂಡಿದರೆ ಉಳಿಯುವುದು ಇವೆರಡೇ ಶಬ್ದ. ಗ್ಯಾಸಿನ ಪುಸ್ತಕಕ್ಕಾಗಲಿ, ಲೈಟಿನ ಅರ್ಜಿಗಾಗಲಿ, ಮದುವೆಮನೆಯ ಉಡುಗೊರೆಗಾಗಲಿ, ಮೊದಮೊದಲು ಶಿವಶರಣ ಅಂತ ಬರೆದು ನೋಡಿದ. "ಯಾರಿದು?" ಅಂದರು. ಆಮೇಲೆ ಶಿವಶರಣ, ಡಾ. ಲಿಂಗಣ್ಣನವರ ಅಳಿಯ ಅಂತ ಬರೆದ. ಜಾಗ ಸಾಲದ ಕಡೆ ಮೊದಲಿನದನ್ನು ಬಿಟ್ಟ. ಬರಬರುತ್ತಾ ಜಾಗವಿದ್ದ ಕಡೆಯೂ ಬಿಟ್ಟ.

ಡಾಕ್ಟರು ಹೋಗಿ ಇವತ್ತಿಗೆ ಸರಿಯಾಗಿ ವರ್ಷ. ದವಾಖಾನೆಗೆ ಬೀಗ ಬಿತ್ತು, ಮುಂದಿನ ಔಷಧಿ ಅಂಗಡಿ ಶಿವಶರಣನ ಪಾಲಿಗೆ ಉಳಿಯಿತು. ಬೋರ್ಡಿನ ಮೇಲೆ ಈಗಲೂ ಲಿಂಗಣ್ಣ ಮೆಡಿಕಲ್ಸ್. ಫಿಯಟ್ಟು ಶೆಡ್ಡಿನಲ್ಲಿ ನಿಂತಿತ್ತು. ಅದಕ್ಕೂ ಊರು ಇಟ್ಟ ಹೆಸರಿತ್ತು, ಡಾಕ್ಟರ ಗಾಡಿ. ಅಳಿಯ ಅದನ್ನು ಸಂತೆಗೆ ಒಯ್ದರೆ ಜನ ಎದ್ದು ನಿಂತು ಒಳಗೆ ಬಗ್ಗಿ ನೋಡಿ, "ಓ, ನೀವಾ," ಅಂತ ಮತ್ತೆ ಕುಳಿತುಕೊಳ್ಳುತ್ತಿದ್ದರು. ಎದ್ದ ಮರ್ಯಾದೆಯನ್ನು ಹೀಗೆ ಕಣ್ಣೆದುರಿಗೇ ವಾಪಸ್ ಇಸಿದುಕೊಳ್ಳುವುದನ್ನು ಒಬ್ಬ ಮನುಷ್ಯ ಎಷ್ಟು ಸಲ ನೋಡಬಹುದು? ಆಗ ಒಂದು ದಿನ ಚಹಾದ ಅಂಗಡಿಯಲ್ಲಿ ಯಾರದೋ ಮೊಬೈಲಿನಲ್ಲಿ ಸುರಪುರದ ಗುಡ್ಡ ಕಂಡಿತು. ಎತ್ತರಿಸಿದ ಒಂದು ಪುಟ್ಟ ಹಳೇ ಕಾರು ಬಂಡೆಯ ಮೇಲೆ ಮುಂಗಾಲಿಟ್ಟು, ಜಾರಿ, ಮತ್ತೆ ಇಟ್ಟು, ಏರಿಯೇಬಿಟ್ಟಿತು. ಸುತ್ತಲಿನ ಹುಡುಗರೆಲ್ಲ ನಡೆಸುವವನ ಹೆಸರು ಹಿಡಿದು ಕೂಗಿದರು. ಅವನ ಮಾವನ ಹೆಸರನ್ನಲ್ಲ, ಅವನದನ್ನೇ. ಶಿವಶರಣನ ಚಹಾ ಕೆನೆಗಟ್ಟಿತು. ಮನೆಯಲ್ಲಿ ಗುರುದೇವಿಗೆ, "ಗಾಡಿ ಡಾಕ್ಟರು ಇದ್ದಾಗಿನಂಗ ಮಾಡಸ್ತೀನಿ, ವರ್ಷದ ಪೂಜಿಗಿ ಹೊಸಾದಾಗಿ ಬರ್ತದ," ಅಂದ. ಅಪ್ಪನ ನೆನಪಿಗೆ ಗಂಡ ಇಷ್ಟು ಮಾಡುತ್ತಾನಲ್ಲ ಅಂತ ಅವಳ ಕಣ್ಣು ತುಂಬಿದವು. ಆ ಕಣ್ಣುಗಳು ಮೂರು ತಿಂಗಳಿಂದ ಅವನು ಎಲ್ಲಿ ಹೋದರೂ ಬೆನ್ನಿಗೆ ಅಂಟಿಕೊಂಡಿದ್ದವು.

ಗಯಾಸ ಹಾಗೇ ಕತ್ತರಿಸುವವನಲ್ಲ. ಅವನದೊಂದು ಕಾನೂನಿತ್ತು. ಹಿಂದೆ ಯಾರೋ ಒಬ್ಬರು ಕೆಲಸ ಮುಗಿದ ಮೇಲೆ ನಾನು ಕತ್ತರಿಸು ಅಂದೇ ಇರಲಿಲ್ಲ ಅಂತ ಜಗಳ ತೆಗೆದಿದ್ದರಂತೆ. ಅಂದಿನಿಂದ ತಗಡಿನ ಮೇಲೆ ಚಾಕ್‌ಪೀಸಿನಿಂದ ಗೆರೆ ಎಳೆದು, ಗೆರೆಯ ಒಳಗೆ ಬಿಳಿ ಪೇಂಟಿನ ಪೆನ್ನಿನಿಂದ ಮಾಲಕರ ಕೈಯಲ್ಲೇ ಹೆಸರು ಬರೆಸಿ, ಗ್ರೈಂಡರನ್ನು ಮಾಲಕರ ಕೈಗೇ ಕೊಡುತ್ತಿದ್ದ. "ಪಹಲಾ ಕಟ್ ಮಾಲಕರ್ದು. ಆಮ್ಯಾಲಿಂದು ನಂದು. ಕತ್ತರಿಸಿದ್ದೆಲ್ಲ ನಿಮಗ ವಾಪಸ್. ದರ್ಜಿ ಉಳಿದ ಬಟ್ಟಿ ಕೊಡಾಂಗಿಲ್ಲೇನ್ರಿ, ಹಂಗ." ಆವತ್ತು ಗ್ರೈಂಡರು ಹಿಡಿದದ್ದು ಶಿವಶರಣನಿಗೆ ನೆನಪಿದೆ, ಕಿಡಿ ಹಾರಿ ಕನ್ನಡಕಕ್ಕೆ ಬಿದ್ದದ್ದು, ಹಲ್ಲಿನ ಬೇರಿನ ತನಕ ಏರಿದ ಆ ಸದ್ದು, ಐವತ್ತು ವರ್ಷದ ಕೆನೆಬಣ್ಣದ ಕೆಳಗೆ ಬೆಳ್ಳಗೆ ಹೊಳೆದ ಕಬ್ಬಿಣ, ಎಲ್ಲವೂ. ಮತ್ತು ಸುಖ. ಹೌದು, ಸುಖ. ಆ ಮಡ್‌ಗಾರ್ಡಿಗೆ ಒಂದು ಗೀರು ಬಿದ್ದಿತ್ತೆಂದು ಡಾಕ್ಟರು ಒಂದು ಸಲ ಹನ್ನೊಂದು ದಿನ ಅವನ ಜೊತೆ ಮಾತು ಬಿಟ್ಟಿದ್ದರು. ಅಂದರೆ ಆ ಎರಡು ಶಬ್ದವನ್ನೂ ಬಿಟ್ಟು ಗಂಟೆ ಒತ್ತುತ್ತಿದ್ದರು. ಬರೆದ ಹೆಸರನ್ನು ನೋಡಿ ಗಯಾಸ, "ಕ್ಯಾ ಅಕ್ಷರ ಮಾಲಕ್ರ, ಛಾಪಿಸಿದಂಗದ," ಅಂದಿದ್ದ. ಗಯಾಸನಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಹೊಗಳಿಕೆಗೆ ಅದೇನೂ ಅಡ್ಡಿಯಾಗಲಿಲ್ಲ.

"ಇದೇನೋ ಇದು?" ಈಗ ಗಾಡಿಯ ಸುತ್ತ ಒಂದು ಸುತ್ತು ಹಾಕಿದ ಶಿವಶರಣ ಎಡಗಡೆ ಮುಂಬಾಗಿಲ ಕೆಳಗೆ ನಿಂತ. ಅಲ್ಲೊಂದು ಕಬ್ಬಿಣದ ಪಾವಟಿಗೆ, ಮೇಲೆ ರಬ್ಬರಿನ ಹಾಸು. ಒಳಗೆ ಕೈಗೆ ಆಸರೆಯಾಗಿ ಒಂದು ಸಣ್ಣ ಸರಳು.

"ಪಾವಟಿಗಿರಿ. ನಿಮ್ಮ ಅತ್ತಿ ಅಮ್ಮಾರ್ ಹತ್ತಬೇಕಲ್ರಿ? ಮೊಣಕಾಲ ನೋವದ ಅಂದಿದ್ರಿ."

"ಇದು ಗುಡ್ಡ ಹತ್ತೋ ಗಾಡಿ, ಗಯಾಸ. ಬಸ್ಸಲ್ಲ. ಯಾರರ ನೋಡಿದ್ರ ನಗ್ತಾರ. ಅವರು ಮುಂದ ಕೂಡಾಂಗೂ ಇಲ್ಲ, ಯಾವಾಗೂ ಹಿಂದಽ."

"ಹಿಂದಿನ ಬಾಗ್ಲಾ ಸಣ್ಣದ್ರಿ, ಮೊಣಕಾಲ ಮಡಚಾಕ ತ್ರಾಸ. ನಮ್ಮ ಅಮ್ಮೀದೂ ಅದಽ ಕಥಿ." ಗಯಾಸ ಒಂದು ಗೋಣಿಚೀಲವನ್ನು ಎತ್ತಿ ಹಿಂದಿನ ಸೀಟಿನ ಮೇಲಿಟ್ಟ. ಒಳಗೆ ತಗಡು ಗಲಗಲ ಅಂದಿತು. "ನಿಮ್ಮ ಮಾಲು. ಕತ್ತರಿಸಿದ್ದು, ಒಂದೊಂದು ತುಂಡೂ ಅದ. ಎಣಿಸ್ಕೊಳ್ರಿ."

ಎಣಿಸುವುದೇನು, ಶಿವಶರಣ ಅದರ ಕಡೆ ನೋಡಲೂ ಇಲ್ಲ.

ಯಾದಗಿರಿ ದಾಟುವ ಮೊದಲೇ ಒಂದು ಸತ್ಯ ಬೆಳಕಿಗೆ ಬಂತು. ಗಾಡಿಯ ಮೈ ಬದಲಾಗಿತ್ತು, ಎದೆ ಬದಲಾಗಿರಲಿಲ್ಲ. ಡಾಕ್ಟರು ಮೂವತ್ತರ ವೇಗದಲ್ಲಿ ಸಾಕಿದ ಆ ಹಳೇ ಇಂಜಿನ್ನು ಜೀಪಿನ ಟೈರುಗಳನ್ನು ಎಳೆಯಲಾರದೆ, ಭೀಮೆಯ ಸೇತುವೆಯ ಸಣ್ಣ ಏರಿಗೇ ಗೊರಗೊರ ಅನ್ನತೊಡಗಿತು. ಹತ್ತಿ ಕಟ್ಟಿಗೆ ಹೇರಿದ ಟ್ರಾಕ್ಟರೊಂದು ಹಿಂದಿನಿಂದ ಬಂದು, ಪಕ್ಕಕ್ಕೆ ಬಂದು, ಮುಂದೆ ಹೋಯಿತು. ಟ್ರಾಕ್ಟರಿನವನು ಕೆಳಗೆ ನೋಡಲಿಲ್ಲ. ನೋಡುವ ಹಾಗೂ ಇರಲಿಲ್ಲ, ಇಬ್ಬರೂ ಒಂದೇ ಎತ್ತರದಲ್ಲಿದ್ದರು. "ಹೊಳ್ಯಾಗ ಹೋಗಾದಾ, ಸೇತುವಿ ಮ್ಯಾಲಽ ಮುಳಗಾಕತ್ತದಲ್ರಿ ನಿಮ್ದು!" ಅಂತ ಕೂಗಿ ಹೋದ. ಶಿವಶರಣ ಸ್ಟಿಯರಿಂಗಿನ ಪಕ್ಕದ ಗೇರನ್ನು ಎರಡಕ್ಕೆ ಇಳಿಸಿದ. ಕೆಳಗೆ ನದಿ ಎಂದಿನಂತೆ ತನ್ನ ಪಾಡಿಗೆ ಬಂಡೆಗಳ ನಡುವೆ ಮಲಗಿತ್ತು. ಅಷ್ಟು ಎತ್ತರದಿಂದ ಅವನು ಅದನ್ನು ಎಂದೂ ನೋಡಿರಲಿಲ್ಲ. ಎತ್ತರದಿಂದ ನೋಡಿದರೆ ಜಗತ್ತು ಚಿಕ್ಕದಾಗಿ ಕಾಣುತ್ತದೆ ಅಂದುಕೊಂಡಿದ್ದ. ಜಗತ್ತು ಇದ್ದಷ್ಟೇ ಇತ್ತು, ಅವನೊಬ್ಬ ಎಲ್ಲರಿಗೂ ಕಾಣುವಂತಾಗಿದ್ದ.

ದೋರನಹಳ್ಳಿಯ ಹತ್ತಿರ ಇಂಜಿನ್ನು ಕಾದು ನಿಲ್ಲಿಸಬೇಕಾಯಿತು. ಬಸ್ಸಿನ ನೆರಳುದಾಣದಿಂದ ಒಬ್ಬಳು ಮುದುಕಿ ಎದ್ದು ಬಂದಳು. ಖಾಸಿಂಬೀ, ದವಾಖಾನೆಯ ಹಳೇ ಗಿರಾಕಿ, ಸಕ್ಕರೆ ಕಾಯಿಲೆ, ಊರು ಗೋಗಿ, ವಯಸ್ಸು ಕೇಳಿದರೆ ಪ್ರತಿ ಸಲ ಬೇರೆ ಹೇಳುತ್ತಿದ್ದಳು. ಶಿವಶರಣನ ಕಡೆ ನೋಡದೆ ನೇರ ಗಾಡಿಯ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಜ್ವರ ನೋಡುವವಳ ಹಾಗೆ ನಿಂತಳು.

"ಯಾ ಅಲ್ಲಾ, ಡಾಕ್ಟರ್ ಸಾಬರ ಗಾಡಿ ಅಲ್ಲೇನಿದು? ಏನ್ ರೋಗ ಬಂತವ್ವಾ ಇದಕ್ಕ, ಕಾಲು ಹಿಂಗ ಬಾತಾವಲ್ಲ!"

"ರೋಗಲ್ಲ ಖಾಸಿಂಬೀ. ಬೇಕಂತಽ ಮಾಡ್ಸಿದ್ದು."

"ಬೇಕಂತ?" ಅವಳು ಈಗ ಅವನನ್ನು ನೋಡಿದಳು. "ಜವಾಯಿ ಸಾಬ್, ನೀವಾ? ನನ್ನ ಫಿರ್ದೌಸ್ ಇದರಾಗಽ ಹುಟ್ಟಿದ್ದು ಗೊತ್ತದಿಲ್ಲ ನಿಮಗ? ಹಿಂದಿನ ಸೀಟ್ನಾಗ. ನಿಮ್ಮತ್ತಿ ತನ್ನ ಸೆರಗ ಹರದು ಕೊಟ್ಟಳು." ಕತ್ತರಿಸಿದ ಮಡ್‌ಗಾರ್ಡಿನ ಕೆಂಪು ಅಂಚಿನ ಮೇಲೆ ಬೆರಳೆಳೆದಳು. "ಇಲ್ಲಿ ಯಾರು ಕೊಯ್ದ್ರು?"

ಶಿವಶರಣ ರೇಡಿಯೇಟರಿನ ಮುಚ್ಚಳ ತಿರುಗಿಸುವುದರಲ್ಲಿ ಬಹಳ ಮಗ್ನನಾದ. ಅವಳ ಬಸ್ಸು ಬಂತು, ಹೋಗುವಾಗ ಗಾಡಿಗೆ ಮಾತ್ರ ಸಲಾಮು ಮಾಡಿ ಹೋದಳು. ಅವನಿಗೆ ಆ ಕ್ಷಣ ಯಾಕೋ ಇದೇ ಪ್ರಶ್ನೆಯನ್ನು ಗುರುದೇವಿ ಕೇಳುವ ದನಿ ಕಿವಿಯಲ್ಲಿ ಕೇಳಿಸಿತು, ಮತ್ತು ಕಿಸೆಯಲ್ಲಿ ಫೋನು ನಡುಗಿದ್ದು ಆಗಲೇ.

"ಎಲ್ಲದೀರಿ? ಅವ್ವ ಸೀರಿ ಉಟ್ಕೊಂಡು ಅಂಗಳದಾಗ ಕುಂತಾಳ. ಹೋಳಿಗಿ ಕಟ್ಟಿಟ್ಟೀನಿ, ಹೂವ ಬಾಡಾಕತ್ತಾವ."

"ಬಂದೆ, ಬಂದೆ. ಗುರು, ಒಂದ್ ಮಾತು... ಗಾಡಿ ಒಂಚೂರು ಬ್ಯಾರೆ ಆಗ್ಯದ."

"ಬ್ಯಾರೆ ಅಂದ್ರ?"

"ಎತ್ತರ ಆಗ್ಯದ. ಮತ್ತ, ಮಡ್‌ಗಾರ್ಡ್... ಕಟ್ ಆಗ್ಯದ."

ಆ ಕಡೆ ಮಿಕ್ಸರಿನ ಸದ್ದು ನಿಂತಿತು. "ಅಪ್ಪಾಜಿ ಗಾಡಿ ಕಟ್ ಮಾಡ್ಯಾನಾ ಅವಾ? ಯಾರ್ನ ಕೇಳಿ?"

ಇಲ್ಲೊಂದು ಸಂದು ಇತ್ತು. ಬಹಳ ಸಣ್ಣದು, ಉಸಿರೆಳೆದು ಬಿಡುವಷ್ಟು. ನನ್ನನ್ನ ಕೇಳಿ ಅನ್ನಬಹುದಿತ್ತು. ಚೀಟಿಯ ಮೇಲೆ ಏನು ತ್ರಾಸು ಅಂತ ಬರೆಯುವಾಗ ಜನ ಮೊದಲು ಸುಳ್ಳೇ ಹೇಳುತ್ತಿದ್ದರು. ಕುಡಿದು ಬಿದ್ದವನು ಕಾಲು ಜಾರಿತು ಅನ್ನುತ್ತಿದ್ದ, ಹೊಡೆಸಿಕೊಂಡವಳು ಬಾಗಿಲು ಬಡಿಯಿತು ಅನ್ನುತ್ತಿದ್ದಳು. ಅವರನ್ನು ನೋಡಿ ಒಳಗೊಳಗೇ ನಕ್ಕದ್ದನ್ನೆಲ್ಲ ಶಿವಶರಣ ಈಗ ಬಡ್ಡಿಯೊಂದಿಗೆ ತೀರಿಸಿದ.

"ಯಾರ್ನೂ ಕೇಳಿಲ್ಲ," ಅಂದ.

ಪೂರ್ತಿ ಸುಳ್ಳೇನಲ್ಲ ಅಂತ ತನಗೆ ತಾನೇ ವಿವರಿಸಿಕೊಂಡ. ಕೇಳಬೇಕಾದವರನ್ನು ಯಾರೂ ಕೇಳಿಲ್ಲ ಅನ್ನುವುದು ನಿಜವೇ ಅಲ್ಲವೇ. ಗುರುದೇವಿ ಗಯಾಸನ ನಂಬರು ಕೇಳಿದಳು. ಕಳಿಸಿದ. ಮನುಷ್ಯ ಒಂದು ಸುಳ್ಳು ಹೇಳಬಹುದು, ಮರೆತುಬಿಡಬಹುದು. ಆದರೆ ಅದರ ಬೆನ್ನಿಗೆ ಹತ್ತು ಅಂಕಿಯ ನಂಬರನ್ನೂ ತಪ್ಪಿಲ್ಲದೆ ಕಳಿಸಿಕೊಡುವುದಕ್ಕೆ ಬೇರೆಯೇ ಶಿಸ್ತು ಬೇಕು. ಹತ್ತು ನಿಮಿಷ ಅವನು ರಸ್ತೆಯ ಪಕ್ಕದ ತೊಗರಿ ಹೊಲ ನೋಡುತ್ತ ನಿಂತ. ಗಯಾಸ ಈಗ ಎಲ್ಲ ಹೇಳಿಬಿಡುತ್ತಾನೆ, ಹೇಳಲಿ, ಹೇಳಿಬಿಟ್ಟರೆ ಒಳ್ಳೆಯದೇ, ನಾನು ಹೇಳುವ ಕೆಲಸ ತಪ್ಪುತ್ತದೆ ಅಂತ ಲೆಕ್ಕ ಹಾಕಿದ. ಫೋನು ಬಂತು. ಗಯಾಸನದೇ.

"ಮಾಲಕ್ರ, ಅಕ್ಕಾರ್ ಫೋನ್ ಬಂದಿತ್ತು."

"ಏನಂದಿ?"

"ತಪ್ಪಾತ್ರಿ ಅಂದೆ." ಹಿಂದೆ ಸುತ್ತಿಗೆಯ ಸದ್ದು. "ಶಹಾಪುರದಿಂದ ಇನ್ನ ಯಾರೂ ನಿನ್ನ ಕಡಿ ಗಾಡಿ ಬಿಡಲಾರದಂಗ ಮಾಡ್ತೀನಿ ಅಂದ್ರು. ಹೂಂ ಅಂದೆ."

ಶಿವಶರಣ ಏನಾದರೂ ಅನ್ನಬೇಕಿತ್ತು. ಗಯಾಸನ ಗಿರಾಕಿಗಳಲ್ಲಿ ಅರ್ಧ ಜನ ಶಹಾಪುರದವರು. ಡಾಕ್ಟರ ಮಗಳ ಮಾತು ಆ ಊರಲ್ಲಿ ಔಷಧಿಗಿಂತ ಬೇಗ ಮೈಗೆ ಹತ್ತುತ್ತದೆ.

"ಇಂಜಿನ್ ಗರಂ ಆಗ್ತದ್ರಿ ಮಾಲಕ್ರ," ಅಂದ ಗಯಾಸ, "ನಿಲ್ಲಿಸಿ ನಿಲ್ಲಿಸಿ ಹೋಗ್ರಿ." ಫೋನಿಟ್ಟ.

ಬೈದಿದ್ದರೆ ಬೇಕಿತ್ತು. ಬೈಗುಳಕ್ಕೆ ಎದುರು ಮಾತಾಡಬಹುದು. ಇಂಜಿನ್ನಿನ ಕಾಳಜಿಗೆ ಏನು ಎದುರಾಡುವುದು. ಶಹಾಪುರದ ಬುದ್ಧ ಮಲಗಿದ ಗುಡ್ಡ ದೂರದಲ್ಲಿ ಕಂಡಾಗ ಅವನಿಗೆ ಪ್ರತಿ ಸಲದ ಹಾಗೆ ನೆಮ್ಮದಿಯಾಗಲಿಲ್ಲ. ಆ ಮಲಗಿದಾತ ಒಂದು ಕಣ್ಣು ತೆರೆದು ನೋಡುತ್ತಿದ್ದಾನೆ ಅನಿಸಿತು. ಊರೊಳಗೆ ಬರುತ್ತಿದ್ದಂತೆ ಅಂಗಡಿಕಟ್ಟೆಯ ಜನ ಎದ್ದು ನಿಂತರು. ಈ ಸಲ ಕುಳಿತುಕೊಳ್ಳಲಿಲ್ಲ, ಅದು ನಿಜ. "ಏ, ಡಾಕ್ಟರ ಗಾಡಿ ಒಂಟಿ ಆಗ್ಯದ ನೋಡ್ರೋ!" ಅಂತ ಕಿರಾಣಿ ಅಂಗಡಿಯ ಭೀಮಾಶಂಕರ ತಕ್ಕಡಿ ಬಿಟ್ಟು ಬಂದು ಕೂಗಿದ. "ಅಳಿಯಾರ, ರಾಜಸ್ಥಾನಕ್ಕೇನ್ರಿ?" ಶಿವಶರಣ ಕೈ ಎತ್ತಿ ನಕ್ಕ. ಬಗಲು ಪೂರ್ತಿ ಒದ್ದೆಯಾಗಿತ್ತು.

ಗುರುದೇವಿ ಗೇಟಿನಲ್ಲೇ ನಿಂತಿದ್ದಳು. ಗಾಡಿಯನ್ನು ಮೇಲಿಂದ ಕೆಳಗೆ ನೋಡಿದಳು, ಕತ್ತರಿಸಿದ ಕಡೆ ಕೈ ಒಯ್ದು ಮುಟ್ಟದೆ ಹಿಂದಕ್ಕೆ ತೆಗೆದುಕೊಂಡಳು. ಅವಳಿಗೆ ಗಾಡಿ ನಡೆಸಲು ಅಪ್ಪ ಇದರಲ್ಲೇ ಕಲಿಸಿದ್ದರು. ಅಳಿಯನಿಗೆ ಕಲಿಸಿರಲಿಲ್ಲ, ಅಳಿಯ ಬಸ್ ಸ್ಟ್ಯಾಂಡಿನ ಹತ್ತಿರದ ಕಲಿಕೆ ಶಾಲೆಗೆ ಹೋಗಿ ಬಂದಿದ್ದ. "ಆ ಹಲ್ಕಟ್ಟಗ ಹೇಳಬೇಕಾದ್ದು ಹೇಳೀನಿ," ಅಂದಳು. "ನೀವು ಬ್ಯಾಸರಾ ಮಾಡ್ಕೋಬ್ಯಾಡ್ರಿ. ನಿಮ್ಮ ತಪ್ಪೇನದ ಇದರಾಗ." ಇದಕ್ಕಿಂತ ಅವಳು ಹೊಡೆದಿದ್ದರೆ ಚೆನ್ನಾಗಿತ್ತು.

ಅತ್ತೆ ಸುಂದ್ರಮ್ಮ ಅಂಗಳದ ಕುರ್ಚಿಯಿಂದ ಎದ್ದರು. ಏಳುವುದೇ ಒಂದು ಕೆಲಸ. ಮೊದಲು ಕೋಲು, ಆಮೇಲೆ ಒಂದು ಮೊಣಕಾಲು, ಆಮೇಲೆ ಇನ್ನೊಂದರ ಜೊತೆ ಸ್ವಲ್ಪ ಚೌಕಾಶಿ. ವನದುರ್ಗದ ಹೊಲದಲ್ಲಿ ಗಂಡನ ಗದ್ದಿಗೆ ಇತ್ತು. ಮಣ್ಣು ಕೊಟ್ಟ ದಿನ ನಾಲ್ಕು ಜನ ಸುಂದ್ರಮ್ಮನವರನ್ನು ಕುರ್ಚಿಸಮೇತ ಎತ್ತಿ ಒಯ್ದಿದ್ದರು, ಅವರು ಅಲ್ಲಿಗೆ ಹೋದದ್ದು ಅಷ್ಟೇ. ಡಾಂಬರು ರಸ್ತೆಯ ಬೇವಿನ ಮರದಿಂದ ಗದ್ದಿಗೆಯ ತನಕ ಎರೆಮಣ್ಣಿನ ಕಚ್ಚಾ ದಾರಿ, ಗಾಲಿ ಗುಂಡಿಗಳೇ ಮೊಣಕಾಲುದ್ದ. ಫಿಯಟ್ಟು ಯಾವಾಗಲೂ ಬೇವಿನ ಮರಕ್ಕೇ ನಿಲ್ಲುತ್ತಿತ್ತು. ಟ್ರಾಕ್ಟರಿನಲ್ಲಿ ಕರೆದೊಯ್ಯುತ್ತೇವೆ ಅಂದರೆ, "ಅವರು ಫಿಯಟ್ನಾಗ ತಿರುಗಿದೋರು. ನಾನು ಅವರ ಮುಂದ ಟ್ರಾಕ್ಟರ್ನಾಗಿಂದ ಇಳೀಲೇನು, ತೊಗರಿ ಚೀಲ ಇಳಿಸಿದಂಗ?" ಅನ್ನುತ್ತಿದ್ದರು. ಇವತ್ತೂ ಬೇವಿನ ಮರದ ಕೆಳಗೆ ಗಾಡಿಯಲ್ಲೇ ಕುಳಿತು ಕೈ ಮುಗಿಯುವುದೆಂದು ಮಾತಾಗಿತ್ತು. ವರ್ಷವಿಡೀ ಈ ಮಾತು ಮನೆಯಲ್ಲಿ ಓಡಾಡಿತ್ತು. ಟೈರಿನ ಅಳತೆ, ಸ್ಪ್ರಿಂಗ್ ಪಟ್ಟಿಯ ದಪ್ಪ, ದೀಪದ ಬೆಳಕು ಎಲ್ಲವನ್ನೂ ಯೋಚಿಸಿದ್ದ ಶಿವಶರಣನಿಗೆ ಇದೊಂದು ಮಾತ್ರ ಹೊಳೆದಿರಲಿಲ್ಲ.

ಸುಂದ್ರಮ್ಮ ಗಾಡಿಯ ಎಡಗಡೆ ಬಂದು ನಿಂತರು. ಕೋಲಿನ ತುದಿಯಿಂದ ಟೈರಿಗೆ ಎರಡು ಸಲ ತಟ್ಟಿದರು. ಕಣ್ಣು ಪಾವಟಿಗೆಯ ಮೇಲೆ ಬಿತ್ತು. ಯಾರನ್ನೂ ಕೇಳದೆ ಒಂದು ಕಾಲಿಟ್ಟರು, ಒಳಗಿನ ಸರಳು ಹಿಡಿದರು, ಮುಂದಿನ ಸೀಟಿನಲ್ಲಿ ಕುಳಿತೇಬಿಟ್ಟರು. ನಲವತ್ತು ವರ್ಷ ಆ ಸೀಟಿನಲ್ಲಿ ಡಾಕ್ಟರ ಔಷಧಿ ಚೀಲ ಕೂಡುತ್ತಿತ್ತು, ಹೆಂಡತಿ ಹಿಂದೆ.

"ಯವ್ವಾ," ಅಂದರು, "ಕಂಪೌಂಡಿನ ಆಚಿ ತನಕ ಕಾಣ್ತದಲ್ಲ. ಗುರುದೇವಿ, ಇದು ಎರಿ ಹೊಲದಾಗ ಹೋಗ್ತದೇನ?"

ಗುರುದೇವಿ ಗಂಡನನ್ನು ನೋಡಿದಳು. ಗಂಡ ಟೈರನ್ನು ನೋಡಿದ. "ಹೋಗ್ತದ್ರಿ ಅತ್ತ್ಯಾರ," ಅಂದ.

"ಗದ್ದಿಗಿ ತನಕ?"

"ತನಕ."

ಮುದುಕಿ ಮೂಗು ಒರೆಸಿಕೊಂಡರು. "ಆ ಹುಡುಗ, ಏನವನ ಹೆಸರು, ಗಯಾಸ? ಅವನ ಹೊಟ್ಟಿ ತಣ್ಣಗಿರಲಿ. ನನ್ನ ಮೊಣಕಾಲಿನ ಸುದ್ದಿ ಈ ಮನ್ಯಾಗ ಯಾರೂ ಅಷ್ಟು ತಲಿಗೆ ಹಚ್ಕೊಂಡಿರಲಿಲ್ಲ. ಯಾರ್ನೂ ಕೇಳದಽ ಮಾಡ್ಯಾನ ನೋಡು. ಕೇಳಿದ್ರ ನೀವು ಮಾಡಾಕ ಬಿಡ್ತಿರಲಿಲ್ಲ."

ಗುರುದೇವಿಯ ಮುಖ ಕೆಂಪಾಯಿತು; ಬೆಳಿಗ್ಗೆ ಫೋನಿನಲ್ಲಿ ಅಂದದ್ದೆಲ್ಲ ಒಂದೊಂದೇ ವಾಪಸ್ ಬಂದು ಅವಳ ಕೆನ್ನೆಗೆ ಬಡಿಯುವುದು ಕಾಣುತ್ತಿತ್ತು. ಹೋಗಿ ಸ್ಟಿಯರಿಂಗಿನ ಮುಂದೆ ಕುಳಿತಳು, ಕೀಲಿಗೆ ಕೈ ಚಾಚಿದಳು. ಹೀಗಾಗಿ ಶಿವಶರಣ ಹಿಂದಿನ ಸೀಟಿಗೆ ಏರಿದ. ಏರುವುದಕ್ಕೆ ಅಲ್ಲಿ ಪಾವಟಿಗೆ ಇರಲಿಲ್ಲ, ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋಗಬೇಕಾಯಿತು. ಎಡಗಡೆ ಹೋಳಿಗೆಯ ಬುಟ್ಟಿ, ಹೂವು, ಬಲಗಡೆ ಗೋಣಿಚೀಲ, ನಡುವೆ ಅಳಿಯ.

ಗೋಗಿ ದಾಟುವ ತನಕ ಅವನು ತಡೆದುಕೊಂಡ. ಮುಂದಿನ ಎರಡು ತಲೆಗಳನ್ನು ನೋಡುತ್ತ, ನಲವತ್ತು ವರ್ಷ ಅತ್ತೆ ನೋಡಿದ ದೃಶ್ಯ ಇದೇ ಇರಬೇಕು ಅಂದುಕೊಂಡ: ಬೇರೆಯವರ ಹಿಂದಲೆ. ಎದೆಯಲ್ಲಿ ಏನೋ ತುರಿಸುತ್ತಿತ್ತು. ಬೆಳಿಗ್ಗೆ ತನ್ನ ತಪ್ಪನ್ನು ಗಯಾಸನಿಗೆ ಕೊಟ್ಟಾಗ ಇಲ್ಲದ ತುರಿಕೆ, ಈಗ ತನ್ನ ಹೊಗಳಿಕೆ ಗಯಾಸನಿಗೆ ಹೋದಾಗ ಎದ್ದಿತ್ತು. ಅದು ಗೊತ್ತಾಯಿತು ಅವನಿಗೆ, ಚೆನ್ನಾಗಿಯೇ ಗೊತ್ತಾಯಿತು. ಗೊತ್ತಾದರೂ ಬಾಯಿ ತೆರೆದ.

"ಅದು ಗಯಾಸ ಮಾಡಿದ್ದಲ್ಲ. ನಾನಽ ಮಾಡ್ಸಿದ್ದು."

ಕನ್ನಡಿಯಲ್ಲಿ ಗುರುದೇವಿಯ ಕಣ್ಣು. "ಮುಂಜಾನಿ ಅವಂದು ಅಂದ್ರಿ. ಅವ್ವಗ ಪಸಂದ ಬಂತಂತ ಈಗ ನಿಮ್ದು ಆತೇನು?"

"ಖರೇನಽ. ಮೊದಲ ಕಟ್ ನಂದಽ. ಗ್ರೈಂಡರ್ ನನ್ನ ಕೈಯಾಗಿತ್ತು."

"ಹೌದೌದು. ಪಾಪ, ಆ ಹುಡುಗ ತಪ್ಪಾತು ಅಕ್ಕಾರ ಅಂತ ನನ್ನ ಕಡಿಂದ ಅಷ್ಟು ಬೈಸ್ಕೊಂಡಾನ. ಅವಂದೂ ಕಸ್ಕೋರಿ ಈಗ."

"ಪುರಾವಿ ಅದ!" ಶಿವಶರಣನ ದನಿ ಅವನಿಗೇ ಗುರುತು ಸಿಗದಷ್ಟು ಎತ್ತರಕ್ಕೆ ಹೋಯಿತು. ಗೋಣಿಚೀಲದ ಬಾಯಿ ಬಿಚ್ಚಿ ಕೈ ಹಾಕಿದ. ತಗಡಿನ ಅಂಚು ಬೆರಳು ಕೊಯ್ಯಿತು. ಲೆಕ್ಕಿಸದೆ ಒಂದು ತುಂಡು ತೆಗೆದ, ಅದಲ್ಲ, ಇನ್ನೊಂದು, ಅದೂ ಅಲ್ಲ. "ತಗಡಿನ ಮ್ಯಾಲ ನನ್ನ ಹೆಸರದ. ನನ್ನ ಕೈಲೆ ಬರದದ್ದು. ನೋಡ್ರಿ ಈಗ, ನೋಡ್ರಿ..." ಸಿಕ್ಕಿತು. ಅಂಗೈ ಅಗಲದ ಕೆನೆಬಣ್ಣದ ತುಂಡು, ಚಾಕ್‌ಪೀಸಿನ ಗೆರೆ, ಒಳಗೆ ಬಿಳಿ ಅಕ್ಷರ. ಮುತ್ತು ಪೋಣಿಸಿದಂತೆ, ಎಲ್ಲೂ ಕೈ ನಡುಗದೆ, ಒತ್ತು ದೀರ್ಘ ತಪ್ಪದೆ ಬರೆದಿತ್ತು:

ಡಾ. ಲಿಂಗಣ್ಣನವರ ಅಳಿಯ.

ಗಾಡಿ ಒಂದು ಗುಂಡಿ ಹಾರಿತು. ಮಾಲಕರ ಹೆಸರು ಬರೀರಿ ಅಂದಿದ್ದ ಗಯಾಸ. ಜಾಗ ಬೇಕಾದಷ್ಟಿತ್ತು. ಶಿವಶರಣ ತುಂಡನ್ನು ತಿರುವಿ ಹಾಕಿದ, ಹಿಂಭಾಗದಲ್ಲಿ ಐವತ್ತು ವರ್ಷದ ಕೆಸರು ಬಿಟ್ಟರೆ ಏನೂ ಇರಲಿಲ್ಲ.

"ತೋರಸ್ರಿ ಮತ್ತ," ಅಂದಳು ಗುರುದೇವಿ.

ಚೀಲದಲ್ಲಿ ಮತ್ತೆ ಸೇರಿಸಿಬಿಡಬಹುದಿತ್ತು. ಸಿಗಲಿಲ್ಲ ಅನ್ನಬಹುದಿತ್ತು, ಅವರು ನಂಬುವುದೇ ಅದನ್ನು. ಬೆಳಗಿನ ಆ ಸಣ್ಣ ಸಂದು ಮತ್ತೆ ತೆರೆದು ನಿಂತಿತ್ತು, ಉಸಿರೆಳೆದು ಬಿಡುವಷ್ಟು. ಯಾದಗಿರಿಯಲ್ಲಿ ಒಬ್ಬ, ಸುತ್ತಿಗೆ ಹಿಡಿದು, ಶಿವಶರಣನ ಪಾಲಿನ ಬೈಗುಳವನ್ನು ಹೂಂ ಅಂತ ಇಟ್ಟುಕೊಂಡು ಕುಳಿತಿದ್ದ. ಶಿವಶರಣ ತುಂಡನ್ನು ಮುಂದಕ್ಕೆ ಚಾಚಿದ. ಸುಂದ್ರಮ್ಮ ಇಸಿದುಕೊಂಡು, ಕಣ್ಣಿಗೆ ದೂರ ಹಿಡಿದು, ಗಟ್ಟಿಯಾಗಿ ಓದಿದರು.

"ನಿಮ್ಮ ಅಕ್ಷರಾನಽ," ಅಂದಳು ಗುರುದೇವಿ. ದನಿಯಲ್ಲಿ ಸಿಟ್ಟಿತ್ತೋ ನಗೆಯಿತ್ತೋ, ಹಿಂದಲೆ ನೋಡಿ ಹೇಳುವುದು ಕಷ್ಟ. ರಸ್ತೆಯ ಬದಿಗೆ ಗಾಡಿ ನಿಲ್ಲಿಸಿದಳು. "ಫೋನ್ ಹಚ್ರಿ ಅವಗ. ಸ್ಪೀಕರ್ ಮ್ಯಾಲ. ನಾನಲ್ಲ, ನೀವು ಮಾತಾಡ್ರಿ."

ಗಯಾಸ ಮೂರನೇ ರಿಂಗಿಗೆ ಎತ್ತಿದ. "ಹೇಳ್ರಿ ಮಾಲಕ್ರ, ಗರಂ ಆತೇನು?"

"ಇಲ್ಲ. ಗಯಾಸ, ಮುಂಜಾನಿ ನಾ ಸುಳ್ಳ ಹೇಳಿದ್ದೆ. ಕಟ್ ನಾನಽ ಮಾಡಿದ್ದು ಅಂತ ಮನ್ಯಾಗ ಹೇಳೀನಿ ಈಗ." ಬೆರಳಿನ ರಕ್ತ ಫೋನಿಗೆ ಹತ್ತಿತ್ತು. "ಅಕ್ಕಾರು ಇಲ್ಲೇ ಅದಾರ. ಕೇಳಾಕತ್ತಾರ."

ಆ ಕಡೆ ಸುತ್ತಿಗೆ ನಿಂತಿತು. "ಹಂಗಾದ್ರ ಪಾವಟಿಗಿ ನಂದ್ರಿ," ಅಂದ ಗಯಾಸ. "ಅದನ್ನೂ ಹೇಳ್ರಿ."

"ಹೇಳ್ದೆ."

"ಅಮ್ಮಾರ್ ಹತ್ತಿದ್ರೇನು?"

"ಹತ್ತೀನಿ ನಮ್ಮಪ್ಪಾ," ಅಂದರು ಸುಂದ್ರಮ್ಮ, ಫೋನು ಕಿವುಡು ಅನ್ನುವ ಹಾಗೆ ಕೂಗಿ. "ಮುಂದ ಕುಂತೀನಿ!"

ಬೇವಿನ ಮರ ಬಂತು. ಗುರುದೇವಿಯ ಕಾಲು ರೂಢಿಯಂತೆ ಬ್ರೇಕಿನ ಮೇಲೆ ಹೋಗಿ, ತಡೆದು, ವಾಪಸ್ ಬಂತು. ಗಾಡಿ ಡಾಂಬರು ಬಿಟ್ಟು ಎರೆಮಣ್ಣಿಗೆ ಇಳಿಯಿತು. ಸೇತುವೆ ಏರಲಾರದ ಇಂಜಿನ್ನು ಗುಂಡಿಗಳಲ್ಲಿ ಮಾತ್ರ, ಮೊದಲ ಗೇರಿನಲ್ಲಿ, ಯಾರಿಗೂ ಅವಸರವಿಲ್ಲದ ಹಾಗೆ, ಒಂದೊಂದೇ ಹೆಜ್ಜೆ ಹಾಕಿತು. ಸುಂದ್ರಮ್ಮ ಸರಳು ಹಿಡಿದು ಆ ಕಡೆ ಈ ಕಡೆ ತೂಗುತ್ತ ಕುಳಿತಿದ್ದರು; ಒಮ್ಮೆಯೂ ಅಯ್ಯೋ ಅನ್ನಲಿಲ್ಲ. ನೋಡಿ ಹೆಸರು ಕೂಗುವುದಕ್ಕೆ ಅಲ್ಲಿ ಒಂದು ನಾಯಿಯೂ ಇರಲಿಲ್ಲ.

ಗದ್ದಿಗೆಯ ಮುಂದೆ ಮುದುಕಿ ತಾವೇ ಇಳಿದರು. ವಿಭೂತಿ ಹಚ್ಚಿದರು, ಹೂವೇರಿಸಿದರು, ಹೋಳಿಗೆ ಇಟ್ಟರು. ಆಮೇಲೆ ಸೆರಗಿನೊಳಗಿಂದ ಆ ತಗಡಿನ ತುಂಡನ್ನು ತೆಗೆದು ಅಳಿಯನ ಕೈಗೆ ಕೊಟ್ಟರು.

"ಇದನ್ನೂ ಇಡ್ರಿ ಅಳಿಯಾರ. ಅವರ ಗಾಡಿ ಕೊಯ್ದೀರಿ, ಅವರಿಗೆ ಗೊತ್ತಾಗಬ್ಯಾಡೇನು? ನಿಮ್ಮ ಚೀಟಿ ಓದಾಕ ಅವರಿಗೆ ರೂಢಿ ಅದ."

ಗುರುದೇವಿ ಸೆರಗು ಬಾಯಿಗೆ ಹಿಡಿದು ಆ ಕಡೆ ತಿರುಗಿದಳು; ಅಳುತ್ತಿದ್ದಳೋ ನಗುತ್ತಿದ್ದಳೋ, ಭುಜ ಮಾತ್ರ ಕುಲುಕುತ್ತಿತ್ತು. ಶಿವಶರಣ ಬಗ್ಗಿ ತುಂಡನ್ನು ಹೂವುಗಳ ನಡುವೆ, ಅಕ್ಷರ ಮೇಲೆ ಬರುವಂತೆ, ಓದುವವರ ಕಡೆಗೆ ತಿರುಗಿಸಿ ಇಟ್ಟ. ಎರಡು ಹೆಜ್ಜೆ ಹಿಂದೆ ಸರಿದು, ಕೈ ಕಟ್ಟಿ ನಿಂತ. ಬಿಸಿಲು ಸುಡುತ್ತಿತ್ತು. ಹೋಗೋಣ ಅಂತ ಇಬ್ಬರೂ ಗಾಡಿಯ ಕಡೆ ನಡೆದರೂ ಅವನು ಕದಲಲಿಲ್ಲ. ಚೀಟಿ ಒಳಗೆ ಹೋಗಿತ್ತು. ಮುಂದಿನವರನ್ನ ಕಳಸು ಅಂತ ಇನ್ನೂ ಅಂದಿರಲಿಲ್ಲ.